ಬಸವಪ್ರಸಾದನ ಪ್ಯಾಕೇಜು

ನಾರಾಯಣಪೇಟೆಯ ಜೂನಿಯರ್ ಕಾಲೇಜೊಂದರ ಲ್ಯಾಬ್ ಅಸಿಸ್ಟೆಂಟ್ ಬಸವಪ್ರಸಾದನಿಗೆ ನಲವತ್ತಾರು ತುಂಬುವವರೆಗೂ ಯಾರೂ ಕುರ್ಚಿ ಎಳೆದು ಕೊಟ್ಟಿರಲಿಲ್ಲ. ಅದಕ್ಕೆ ಯಾರನ್ನೂ ದೂರುವಂತಿಲ್ಲ. ಜೋಳದ ಡಬ್ಬಿ ಹೊತ್ತುಕೊಂಡು ಸರಾಫ್ ಬಜಾರದ ಅಕ್ಕಸಾಲಿಗನ ಮುಂದೆ ನಿಂತು, ಹೆಂಡತಿಯ ಮೂಗುತಿಯನ್ನು ಹಿಟ್ಟಿನ ಗಿರಣಿಯವನ ಕೈಗೆ ಕೊಟ್ಟು ಬಂದ ಮನುಷ್ಯ ಅವನು. ಒಮ್ಮೆ ಮದುವೆಗೆಂದು ಹೊರಟು, ಓಣಿ ತಪ್ಪಿ ತಿಥಿಯ ಮನೆಯಲ್ಲಿ ಉಂಡು, "ಊಟ ಭಾಳ ಚಲೋ ಆಗಿತ್ರಿ, ನಿಮ್ಮ ಮನ್ಯಾಗ ಇಂಥಾ ಕಾರ್ಯ ಮ್ಯಾಲಿಂದ ಮ್ಯಾಲೆ ಆಗಲಿ" ಎಂದು ಹರಸಿ ಬಂದಿದ್ದ.

ಆದರೆ ಒಂದು ಜಾಗದಲ್ಲಿ ಈ ಮನುಷ್ಯ ಎಂದೂ ಎಡವಿದವನಲ್ಲ. ಲಿನಕ್ಸ್ ಎಂದು ಒಂದು ತಂತ್ರಾಂಶವಿದೆ. ಕಂಪ್ಯೂಟರನ್ನು ನಡೆಸುವಂಥದು, ಯಾರು ಬೇಕಾದರೂ ಪುಕ್ಕಟೆ ಪಡೆಯಬಹುದಾದದ್ದು. ಲೋಕದ ನಾನಾ ಮೂಲೆಯ ಸಾವಿರಾರು ಜನ ಒಬ್ಬೊಬ್ಬರು ಒಂದೊಂದು ಗಂಟು ಕಟ್ಟಿ ಕಳಿಸಿದರೆ ಅದು ಪೂರ್ತಿಯಾಗುತ್ತದೆ. ಆ ಗಂಟಿಗೆ ಪ್ಯಾಕೇಜು ಎನ್ನುತ್ತಾರೆ. ಅಂಥದೊಂದು ಪ್ಯಾಕೇಜನ್ನು ಬಸವಪ್ರಸಾದ ಹನ್ನೊಂದು ವರ್ಷದಿಂದ ಜೋಪಾನ ಮಾಡುತ್ತ ಬಂದಿದ್ದ. ಡೇಟಾಬೇಸಿನ ಕ್ಲೈಂಟ್ ಲೈಬ್ರರಿ ಎಂದು ಅದರ ಹೆಸರು. ಡೇಟಾಬೇಸು ದೊಡ್ಡ ದಫ್ತರವಾದರೆ, ಅದರ ಬಾಗಿಲಲ್ಲಿ ನಿಂತು ಒಳಗಿನದನ್ನು ಹೊರಗಿನವರಿಗೆ ತಿಳಿಸಿ ಹೇಳುವ ದುಭಾಷಿ ಈ ಲೈಬ್ರರಿ. ತೆಲುಗು, ಕನ್ನಡ, ದಖ್ಖನಿ ಮೂರನ್ನೂ ಒಂದೇ ಉಸಿರಿನಲ್ಲಿ ಆಡುವ ಊರಿನವನಿಗೆ ದುಭಾಷಿಯ ಬೆಲೆ ಯಾರೂ ಹೇಳಿಕೊಡಬೇಕಿರಲಿಲ್ಲ. ಈ ಸೇವೆಗೆ ಸಂಬಳವಿಲ್ಲ, ಸನ್ಮಾನವಿಲ್ಲ. ಮನೆಯಲ್ಲಿ ಹೆಂಡತಿ ಪದ್ಮಶ್ರೀ ಕೂಡ, "ಆ ಡಬ್ಬಿ ಮುಂದ ಕುಂತು ಏನು ಕುಟ್ಟತೀರೋ ಏನೋ" ಎನ್ನುವುದರಾಚೆಗೆ ಕೇಳಿದವಳಲ್ಲ.

ತೆಲಂಗಾಣ ರಾಜ್ಯ ಹುಟ್ಟಿ ಹದಿನೈದು ದಿನವಾಗಿತ್ತು. ಕಚೇರಿಗಳ ಬೋರ್ಡಿನ ಹೊಸ ಬಣ್ಣ ಇನ್ನೂ ಒಣಗಿರಲಿಲ್ಲ. ಒರಗಿ ನಿಂತವರ ಬೆನ್ನಿನ ಮೇಲೆಲ್ಲ ಹೊಸ ರಾಜ್ಯದ ಹೆಸರು ಅರ್ಧರ್ಧ ಮೂಡುತ್ತಿತ್ತು. ಪತ್ರಿಕೆ ಬಿಡಿಸಿದರೆ ಪ್ಯಾಕೇಜು, ಚಹಾದಂಗಡಿಯಲ್ಲಿ ಕೂತರೆ ಪ್ಯಾಕೇಜು. ಯಾವ ಜಿಲ್ಲೆಗೆ ಸರ್ಕಾರದ ಎಷ್ಟು ಕೋಟಿಯ ಪ್ಯಾಕೇಜು, ಅದು ಯಾರ ಕೈಯಲ್ಲಿ ಬರುತ್ತದೆ ಎಂಬುದೇ ಎಲ್ಲರ ಮಾತು. ಅಂಥ ಹೊತ್ತಿನಲ್ಲಿ ಬಸವಪ್ರಸಾದ ಹೆಂಡತಿಯ ತವರಾದ ಗದ್ವಾಲಕ್ಕೆ, ನಾದಿನಿಯ ಕೂಸಿನ ತೊಟ್ಟಿಲು ಕಾರ್ಯಕ್ಕೆ ಹೋದ.

ಪಡಸಾಲೆಯಲ್ಲಿ ಇದ್ದದ್ದು ಒಂದೇ ಕುರ್ಚಿ. ಅದರಲ್ಲಿ ಕೂಸಿನ ತಂದೆ, ಸಡ್ಡಕ ಶಿವಕಾಂತ ಕೂತಿದ್ದ. ಅವನಿಗೆ ಜೂರಾಲ ಅಣೆಕಟ್ಟಿನ ಕಡೆ ಯಾವುದೋ ಸಣ್ಣ ನೌಕರಿ. "ನಾನು ಹೂಂ ಅಂದ ಮ್ಯಾಲೆನ ನೋಡ್ರಿ ಗೇಟು ಏಳೋದು" ಎಂದು ಅವನು ಹೇಳುವಾಗ ಕೃಷ್ಣಾ ನದಿಯೇ ಅವನ ಅಪ್ಪಣೆಗಾಗಿ ಕೈಕಟ್ಟಿ ನಿಂತಂತೆ ಕಾಣುತ್ತಿತ್ತು. ಬಸವಪ್ರಸಾದ ಚಪ್ಪಲಿಗಳ ಪಕ್ಕದ ಜಮಖಾನೆಯ ಮೇಲೆ ಕೂತಿದ್ದ.

ಮಾವ ಶಂಕರಯ್ಯ ಬಂದವರಿಗೆ ಅಳಿಯಂದಿರನ್ನು ಪರಿಚಯ ಮಾಡಿಸಿದರು. "ನಮ್ಮ ಸಣ್ಣ ಅಳಿಯನ ಕೈಯಾಗ ಕೃಷ್ಣಾ ಹೊಳಿ ಐತ್ರಿ. ದೊಡ್ಡ ಅಳಿಯನ ಕೈಯಾಗ…" ಎಂದು ಒಂದು ಗಳಿಗೆ ಹುಡುಕಿ, "ಚಹಾ ಐತಿ" ಎಂದರು.

ಎಲ್ಲರೂ ನಕ್ಕರು. ಒಳಬಾಗಿಲಲ್ಲಿ ನಿಂತಿದ್ದ ಪದ್ಮಶ್ರೀಯ ಮುಖ ಸಪ್ಪಗಾಯಿತು. ಅದನ್ನು ಕಂಡ ಬಸವಪ್ರಸಾದನ ಬಾಯಿಂದ, ಅವನು ತಡೆಯುವುದರೊಳಗೆ, ಮಾತು ಜಾರಿತು.

"ನಾನೂ ಒಂದು ಪ್ಯಾಕೇಜು ನೋಡಿಕೋತೀನ್ರಿ, ಮಾವಾರ."

ಪಡಸಾಲೆಯ ತಲೆಗಳೆಲ್ಲ ಚಪ್ಪಲಿಗಳ ಕಡೆ ತಿರುಗಿದವು. ತೊಟ್ಟಿಲ ಕೂಸು ಕೂಡ ಅಳು ನಿಲ್ಲಿಸಿತು.

"ಪ್ಯಾಕೇಜಾ?" ಶಂಕರಯ್ಯ ಕನ್ನಡಕ ಏರಿಸಿದರು. "ಎಷ್ಟು ಲಕ್ಷದ್ದು?"

"ಲಕ್ಷಗಟ್ಲೆ ಮಂದಿಗೆ ಮುಟ್ಟತೈತ್ರಿ."

"ಏನೇನು ಬರ್ತೈತಿ ಅದರಾಗ?"

ಹನ್ನೊಂದು ವರ್ಷದಲ್ಲಿ ಈ ಪ್ರಶ್ನೆ ಕೇಳಿದ ಮೊದಲ ಮನುಷ್ಯ ಸಿಕ್ಕಿದ್ದ. ಬಸವಪ್ರಸಾದ ಹುರುಪಿಗೆ ಬಿದ್ದ. "ಈಗ ಹಳೇದು ಹೊಸಾದರ ಜಗಳ ನಡದೈತ್ರಿ. ಎರಡೂ ಒಂದ ಮನ್ಯಾಗ ಇರಾಕ ಆಗೂದಿಲ್ಲ. ಹಳೇದನ್ನ ತಗದು ಹೊಸಾದು ಕೂಡಸಬೇಕು. ಯಾರು ಒಳಗ, ಯಾರು ಹೊರಗ ಅನ್ನೋದು ನಾನ ಬರದು ಕಳಸ್ತೀನಿ."

ಹಳೆಯ ರಾಜ್ಯ ಹೋಗಿ ಹೊಸ ರಾಜ್ಯ ಬಂದು ಎರಡು ವಾರವಾಗಿದ್ದ ಪಡಸಾಲೆಗೆ ಇದು ಬೇರೆ ಅರ್ಥವಾಗಲು ದಾರಿಯೇ ಇರಲಿಲ್ಲ.

"ಈ ಕೆಲಸ ನಿಮಗ ಕೊಟ್ಟವರ್ಯಾರು?" ಶಿವಕಾಂತನ ದನಿ ಇಳಿದಿತ್ತು.

"ಯಾರೂ ಕೊಟ್ಟಿಲ್ಲ. ಮದಲಿದ್ದವ ಬಿಟ್ಟು ಹೋದ, ನಾನ ತಗೊಂಡೆ."

"ಸಂಬಳ?"

"ಒಂದು ಪೈ ಇಲ್ಲ."

ಸಂಬಳ ತೆಗೆದುಕೊಳ್ಳದ ಮನುಷ್ಯ ಒಂದೋ ಹುಚ್ಚನಿರಬೇಕು, ಇಲ್ಲವೇ ಬಹಳ ಮೇಲಿನವನಿರಬೇಕು ಎಂಬುದು ಗದ್ವಾಲದ ಅನುಭವ. ಬಸವಪ್ರಸಾದ ಹುಚ್ಚನಲ್ಲ ಎಂದು ಆ ಮನೆಯವರು ಇಪ್ಪತ್ತು ವರ್ಷದಿಂದ ಊರಿಗೆಲ್ಲ ಸಾಧಿಸುತ್ತ ಬಂದಿದ್ದರು. ಹಾಗಾಗಿ ಉಳಿದದ್ದು ಒಂದೇ. ಶಿವಕಾಂತ ಮೆಲ್ಲಗೆ ಕುರ್ಚಿಯಿಂದ ಎದ್ದ.

ತಿರುಗಿ ಹೊರಟ ಅವರ ಬಸ್ಸು ಆತ್ಮಕೂರು ಮುಟ್ಟುವುದರೊಳಗೆ ಸುದ್ದಿ ಮೊಬೈಲಿನ ಮೇಲೆ ನಾರಾಯಣಪೇಟೆ ಮುಟ್ಟಿತ್ತು. ಮನೆಗೆ ಬಂದರೆ ಬಾಗಿಲ ಮುಂದೆ ಹದಿನಾರು ಜನ. ನೆರೆಮನೆಯ ಕಿಷ್ಟಮ್ಮ ಎಲ್ಲರನ್ನೂ ಸಾಲಿನಲ್ಲಿ ಕೂಡಿಸಿ, ದರಖಾಸ್ತುಗಳನ್ನು ಮೊರದಲ್ಲಿ ಜೋಡಿಸುತ್ತಿದ್ದಳು. ಒಬ್ಬನಿಗೆ ತನ್ನ ಸೀರೆ ಅಂಗಡಿಯ ಮುಂದೆ ಹಾಯುವಂತೆ ಹೊಸ ರಸ್ತೆ ಬೇಕಿತ್ತು. ಒಬ್ಬ ಹೆಡ್‌ಮಾಸ್ತರರಿಗೆ ಶಾಲೆಗೆ ಕಾಂಪೌಂಡು. ಇನ್ನೊಬ್ಬ ತನ್ನ ಎದುರುಮನೆಯವನನ್ನು ದೂರದ ಊರಿಗೆ ವರ್ಗ ಮಾಡಿಸಬೇಕೆಂದು ಬರೆದುಕೊಂಡು ಬಂದಿದ್ದ. ಎದುರುಮನೆಯವನು ಯಾವ ನೌಕರಿಯಲ್ಲೂ ಇರಲಿಲ್ಲ.

"ಇದು ಸರ್ಕಾರದ ಪ್ಯಾಕೇಜಲ್ರೀ!" ಬಸವಪ್ರಸಾದ ಕೈಮುಗಿದ.

"ಹಂಗಾದ್ರ ದಿಲ್ಲಿದು" ಎಂದರು ಹೆಡ್‌ಮಾಸ್ತರರು.

"ದಿಲ್ಲಿದೂ ಅಲ್ಲ, ಲೋಕದ್ದು! ಎಲ್ಲಾ ದೇಶದವರು ಕೂಡಿ ಮಾಡೀವಿ."

"ವಿಶ್ವಬ್ಯಾಂಕು" ಎಂದು ಕಿಷ್ಟಮ್ಮ ಸಾಲಿಗೆಲ್ಲ ತಿಳಿಸಿ ಹೇಳಿದಳು.

"ಅಲ್ಲವಾ! ಇದಕ್ಕ ದರಖಾಸ್ತು ಬೇಕಾಗಿಲ್ಲ. ಪುಕ್ಕಟೆ ಐತಿ. ಯಾರು ಬೇಕಾದ್ರೂ ತಗೋಬಹುದು. ತಗೊಂಡು ನಕಲು ಮಾಡಬಹುದು, ಇನ್ನೊಬ್ಬರಿಗೆ ಹಂಚಬಹುದು!"

ಸಂಜೆಗೆ ಸಾಲು ಓಣಿಯ ತಿರುವು ದಾಟಿತು.

ಮೂರನೆಯ ದಿನ ಮಕ್ತಲ್‌ನಿಂದ ಖಂಡಪ್ಪ ಬಂದ. ದೊಡ್ಡ ರುಮಾಲು, ಹೆಗಲ ಮೇಲೆ ಕರೀ ಕಂಬಳಿ. ಬೀರಲಿಂಗೇಶ್ವರ ಕುರಿಗಾರರ ಸಂಘದ ಅಧ್ಯಕ್ಷ. ದರಖಾಸ್ತು ತಂದಿರಲಿಲ್ಲ, ನೇರ ಮಾತಾಡಿದ. "ಸಾರ್, ಮಳೆ ಬಿದ್ದು ಎಳೆ ಹುಲ್ಲು ತಿಂದ್ವು ಅಂದ್ರ ಕುರಿಗೆ ಕರುಳುಬೇನೆ ಬರ್ತೈತಿ. ಸಂಜಿಗೆ ಕುಣಿದಾಡಿದ ಕುರಿ ಮುಂಜಾನೆ ಏಳೂದಿಲ್ಲ. ಬೇಸ್ತವಾರ ಡಾಕ್ಟರು ಸೂಜಿ ಹಾಕಾಕ ಬರ್ತಾರ, ನಾಕು ಸಾವಿರ ಕುರಿ ಕೂಡ್ತಾವ. ಅದರ ಜೋಡಿ ನೀವು ಬಂದು ಪ್ಯಾಕೇಜು ಸಾರಬೇಕು."

ಬಸವಪ್ರಸಾದ ಹೆಂಡತಿಯ ಮುಖ ನೋಡಿದ. ಪದ್ಮಶ್ರೀಗೆ ಅಷ್ಟರಲ್ಲಿ ಸಂಗತಿಯೆಲ್ಲ ತಿಳಿದಿತ್ತು. "ಹೋಗಿ ಮೈಕಿನ್ಯಾಗ ಖರೇ ಹೇಳಿ ಬರ್ರಿ" ಎಂದಳು. "ಮನ್ಯಾಗ ಹೇಳಿದ್ರ ಒಬ್ಬೊಬ್ಬರಿಗೆ ಒಂದೊಂದು ಕೇಳಸ್ತೈತಿ. ಮೈಕಿನ್ಯಾಗ ಹೇಳಿದ್ರ ಎಲ್ಲಾರಿಗೂ ಒಂದ ಕೇಳಸ್ತೈತಿ."

ಬೇಸ್ತವಾರ ಮಕ್ತಲ್‌ನ ಸಂಘದ ಅಂಗಳದಲ್ಲಿ ಶಾಮಿಯಾನ ಎದ್ದಿತ್ತು. ಸುತ್ತ ಕಣ್ಣು ಹಾಯುವಷ್ಟು ದೂರ ಕುರಿ. ಮುಂದಿನ ಸಾಲಿನಲ್ಲಿ ಗದ್ವಾಲದಿಂದ ಬಂದ ಶಂಕರಯ್ಯ ಕರೀ ಕೋಟು ಹಾಕಿಕೊಂಡು, ಎಡಬಲದವರಿಗೆ, "ನಮ್ಮ ಅಳಿಯ" ಎಂದು ಪುನಃಪುನಃ ತಿಳಿಸುತ್ತಿದ್ದರು. ಬಸವಪ್ರಸಾದನ ಹಣೆಗೆ ಅರಿಸಿನದ ಭಂಡಾರ ಬಳಿದು, ಆ ಧಗೆಯಲ್ಲಿ ಅವನಿಗೊಂದು ಕಂಬಳಿ ಹೊದಿಸಿದರು. ಬೇವಿನ ಮರದ ಕೆಳಗೆ ಔಷಧಿಯ ಮೂರು ಐಸ್ ಪೆಟ್ಟಿಗೆ, ಅವುಗಳ ಮೇಲೆ ಕೈಯಿಟ್ಟುಕೊಂಡು ದನದ ಡಾಕ್ಟರು, ಹಿಂದೆ ಸಿರಿಂಜು ಹಿಡಿದ ಅವರ ಹತ್ತು ಜನ ಸಹಾಯಕರು.

"ಪಟ್ಟಿ ಎಲ್ಲೈತ್ರಿ?" ಡಾಕ್ಟರು ಖಂಡಪ್ಪನನ್ನು ಕೇಳಿದರು. "ಹೋದ ವರ್ಷ ಹಾಕಿಸಿಕೊಂಡ ಕುರಿಗೆ ಒಂದು ಸಲ ಸಾಕು, ಹೊಸಾವಕ್ಕ ಹದಿನೈದು ದಿನಕ್ಕ ಇನ್ನೊಮ್ಮೆ ಬೇಕು. ಪಟ್ಟಿ ಬರೂತನಕ ನಾನು ಪೆಟ್ಟಿಗಿ ತೆರಿಯೂದಿಲ್ಲ. ನಾಕು ಗಂಟೆ ತನಕ ಐಸು ತಡೀತೈತಿ. ಆಮ್ಯಾಲೆ ಇದು ಔಷಧಿ ಅಲ್ಲ, ಬರೇ ನೀರು."

ಪಟ್ಟಿ ಸಂಘದ ಕಂಪ್ಯೂಟರಿನಿಂದ ಬರಬೇಕಿತ್ತು. ಅದು ಬರಲೊಲ್ಲದಾಗಿತ್ತು. ಆದರೆ ಅಷ್ಟರಲ್ಲಿ ಬಸವಪ್ರಸಾದನ ಕೈಗೆ ಮೈಕು ಕೊಟ್ಟಾಗಿತ್ತು.

"ಬಂಧುಗಳೇ, ನಾನು ನೋಡಿಕೊಳ್ಳೋ ಪ್ಯಾಕೇಜು…" ಎಂದ. ಚಪ್ಪಾಳೆ. "ಆ ಪ್ಯಾಕೇಜು ಅಂದ್ರ…" ಎಂದ. ಸಿಳ್ಳೆ. ಮೂರನೆಯ ಸಲ ಬಾಯಿ ತೆರೆಯುವುದರೊಳಗೆ ಸಂಘದ ಕಂಪ್ಯೂಟರ್ ಆಪರೇಟರ್ ಸುನಿತಾ ಮೆಟ್ಟಿಲು ಹತ್ತಿ ಓಡಿ ಬಂದಳು.

"ಸಾರ್, ಡೇಟಾಬೇಸ್ ಕ್ಲೈಂಟ್ ಲೈಬ್ರರಿ ನೋಡಿಕೊಳ್ಳೋ ಬಸವಪ್ರಸಾದ ಅಂದ್ರ ನೀವಾ? ಪ್ಯಾಕೇಜಿನ ಮ್ಯಾಲೆ ನಿಮ್ಮ ಹೆಸರು ಐತಿ."

ಆ ಲೈಬ್ರರಿಯ ಹೆಸರಿನ ಮೂರು ಶಬ್ದಗಳನ್ನು ಒಂದೂ ತಪ್ಪದೆ ಆಡಿದ ಜೀವವನ್ನು ಬಸವಪ್ರಸಾದ ಆವತ್ತೇ ಮೊದಲು ಕಂಡದ್ದು. ಅವನ ಕಣ್ಣು ತುಂಬಿತು. "ಹೌದವಾ! ನಾನ!"

"ನಿನ್ನೆ ನಿಮ್ಮ ಹೊಸ ಪ್ಯಾಕೇಜು ಹಾಕಿದೆ. ಅದು ಹಳೇದನ್ನ ಕಿತ್ತು ಹೊರಗ ಒಗೀತು. ನಮ್ಮ ಹಳೇ ರಿಜಿಸ್ಟರಿಗೆ ಹಳೇದ ಬೇಕು. ಹಳೇದು ಹಾಕಾಕ ಹೋದ್ರ ಹೊಸಾದು ಹೊರಗ ಹೋಗ್ತೈತಿ, ಆಗ ಈ ವರ್ಷದ ರಿಜಿಸ್ಟರು ತೆರಿವಲ್ದು. ಪಟ್ಟಿಗೆ ಎರಡೂ ಬೇಕು. ನಿಮ್ಮ ಪ್ಯಾಕೇಜು ನಮ್ಮ ಪಟ್ಟಿ ಕೆಡಿಸೇತಿ, ಸಾರ್."

ಇದೆಲ್ಲ ಮೈಕಿನಲ್ಲಿ ಮಕ್ತಲ್ ಸಂತೆಬೀದಿಯವರೆಗೂ ಕೇಳಿಸಿತು.

ಬಸವಪ್ರಸಾದನ ಮುಖ ಭಂಡಾರಕ್ಕಿಂತ ಹಳದಿಯಾಯಿತು. 'ಹಳೆಯದೂ ಹೊಸದೂ ಒಟ್ಟಿಗೆ ಇರಕೂಡದು, ಒಂದು ಬಂದರೆ ಇನ್ನೊಂದು ಹೋಗಬೇಕು' ಎಂಬ ಸಾಲನ್ನು ಮೂರು ತಿಂಗಳ ಹಿಂದೆ ಪ್ಯಾಕೇಜಿನಲ್ಲಿ ಬರೆದವನು ಅವನೇ. ಎರಡನ್ನೂ ಒಟ್ಟಿಗೆ ಬಾಳಿಸುವ ಉಪಾಯ ಇದೆ, ಸ್ವಲ್ಪ ಕಷ್ಟಪಡು ಎಂದು ಹೊರದೇಶದ ಗೆಳೆಯರು ಹೇಳಿದ್ದರು. ಮುಂದಿನ ಸಲ ನೋಡೋಣ ಎಂದು ಇವನು ಬರೆದಿದ್ದ.

ಅವನು ಮೈಕನ್ನು ಎರಡೂ ಕೈಯಲ್ಲಿ ಹಿಡಿದ. "ತಪ್ಪು ನಂದು ಐತಿ. ಪ್ಯಾಕೇಜು ನಾನ ಕೆಡಿಸೀನಿ. ಈಗ ನಾನ ಸರಿ ಮಾಡ್ತೀನಿ."

ಆ ಅಂಗಳದ ವೇದಿಕೆ ಬಹಳ ಜನರನ್ನು ಹೊತ್ತಿತ್ತು, ಬಹಳ ಮಾತು ಕೇಳಿತ್ತು. ಈ ಮಾತು ಹೊಸದು. ಹಿಂದಿನ ಸಾಲಿನ ಮುದುಕನೊಬ್ಬ ಪಕ್ಕದವನನ್ನು ತಿವಿದ. "ಏನಂದಾ?"

"ತಪ್ಪು ತನ್ನದ ಅಂತ."

"ಸುಳ್ಳ. ಇನ್ನೊಮ್ಮೆ ಹೇಳಸ್ರಿ."

ಬಸವಪ್ರಸಾದ ಇನ್ನೊಮ್ಮೆ ಹೇಳಬೇಕಾಯಿತು. ಈ ಸಲ ಬಿದ್ದ ಚಪ್ಪಾಳೆಗೆ ಮೂರು ಮಂದೆ ಕುರಿ ಬೆದರಿ ರಾಯಚೂರಿನ ದಾರಿ ಹಿಡಿದವು. ತಿರುಗಿಸಿ ತರುವಷ್ಟರಲ್ಲಿ ಸಾಕುಸಾಕಾಯಿತು.

ಹನ್ನೆರಡೂವರೆಗೆ ಅವನು ಸಂಘದ ಕೋಣೆಯಲ್ಲಿ ಕೂತ. ಚೀಲದಿಂದ ತನ್ನ ಲ್ಯಾಪ್‌ಟಾಪು ತೆಗೆದ. ಬಾಗಿಲು, ಕಿಟಕಿ ಎಲ್ಲ ರುಮಾಲುಗಳಿಂದ ತುಂಬಿಹೋದವು. ಮುಂದಿನ ಕಿಟಕಿಯನ್ನು ಪೆಂಟಮ್ಮ ಹಿಡಿದಿದ್ದಳು. ಅರವತ್ತು ದಾಟಿದ ಹೆಣ್ಣುಮಗಳು. ಮಲ್ದಕಲ್ ಕಡೆಯಿಂದ ಮಂದೆ ಹೊಡೆದುಕೊಂಡು ಮೇವಿಗಾಗಿ ಈ ಸೀಮೆಗೆ ಬಂದವಳು. ಅವಳ ಕುರಿಗಳಲ್ಲಿ ಅರ್ಧ ಹಳೆಯವು, ಅರ್ಧ ಹೊಸವು.

"ಏನಾಗೈತಿ, ಸಾರೂ?"

"ದಫ್ತರದ ಬಾಗಿಲದಾಗ ಇಬ್ಬರು ದುಭಾಷಿ ಅದಾರವಾ. ಒಬ್ಬ ಹಳಬ, ಒಬ್ಬ ಹೊಸಬ. ಒಬ್ಬ ಬಂದ್ರ ಒಬ್ಬ ಹೊರಗ ಹೋಗಬೇಕು ಅಂತ ಬರದಿದ್ದೆ."

"ಯಾಕ? ಇಬ್ಬರೂ ಇರಲಿ ಬಿಡು."

"ಅದನ್ನ ಮಾಡಾಕತ್ತೀನಿ" ಎಂದು ಆ ಸಾಲು ಅಳಿಸಿ, ಎರಡನ್ನೂ ಬೇರೆ ಬೇರೆ ಜಾಗದಲ್ಲಿ ಕೂಡಿಸಿದ. ಸುನಿತಾ ಪಟ್ಟಿಯ ಗುಂಡಿ ಒತ್ತಿದಳು. ಪರದೆಯ ಮೇಲೆ ನಾಲ್ಕು ಹೆಸರು ಮೂಡಿ, ಎಲ್ಲ ಒಮ್ಮೆಲೇ ಮಾಯವಾಯಿತು. ಕಿಟಕಿಗಳೆಲ್ಲ "ಅಯ್ಯೋ" ಎಂದವು.

"ಮತ್ತೇನಾತು?"

"ಇಬ್ಬರದೂ ಒಂದ ಹೆಸರವಾ. ಹಳೇ ರಿಜಿಸ್ಟರು ಕರದ್ರ ಹೊಸಬ ಎದ್ದು ಬರ್ತಾನ. ಅವನ ಮಾತು ಇದಕ್ಕ ತಿಳಿಯೂದಿಲ್ಲ, ಎದಿ ಒಡಕೊಂಡು ಬೀಳ್ತೈತಿ."

ಪೆಂಟಮ್ಮ ಅವನನ್ನು ಕನಿಕರದಿಂದ ನೋಡಿದಳು. "ನಮ್ಮ ಹಟ್ಟ್ಯಾಗ ಐದು ಮಂದಿ ಬೀರಪ್ಪ ಅದಾರ. ಒಬ್ಬೊಬ್ಬರಿಗೂ ಮನಿ ಹೆಸರು ಹಚ್ಚಿ ಕರಿತೀವಿ. ಇಷ್ಟು ಓದೀರಿ, ಇದು ತಿಳೀಲಿಲ್ಲೇನು?"

"ತಿಳಿದಿತ್ತವಾ. ನೂರಾರು ಹೆಸರು ಅದಾವ, ಎಲ್ಲಾಕ್ಕೂ ಹಚ್ಚಬೇಕು. ಬ್ಯಾಸರ ಬಂದು ಬಿಟ್ಟಿದ್ದೆ."

"ಬ್ಯಾಸರಕಿಗೆ ಸೂಜಿ ಇಲ್ಲ, ಸಾರೂ. ಕುಂದ್ರು, ಮಾಡು."

ಅವನು ಮಾಡಿದ. ಇಲ್ಲಿಂದ ಮುಂದಿನ ಒಂದೂವರೆ ಗಂಟೆಯನ್ನು ಕಂಡವರು ಮಕ್ತಲ್‌ನಲ್ಲಿ ಈಗಲೂ ಕೈ ಆಡಿಸಿ ತೋರಿಸುತ್ತಾರೆ. ಅಂಗಿಯ ಗುಂಡಿಯನ್ನು ಸರಿಯಾದ ತೂತಿಗೆ ಹಾಕಲಾರದ ಆ ಬೆರಳುಗಳು ಕೀಲಿಮಣೆಯ ಮೇಲೆ ಒಂದೇ ಒಂದು ಸಲವೂ ತಡವರಿಸಲಿಲ್ಲ. ಸುನಿತಾ ಒಂದೊಂದೇ ಹೆಸರು ಓದಿದಳು. ಅವನು ಇದು ಹಳೆಯದು, ಇದು ಹೊಸದು ಎಂದು ಗುರುತು ಹಚ್ಚುತ್ತ ಹೋದ. ನೂರಾ ನಲವತ್ತನೆಯ ಹೆಸರಿಗೆ ಅವಳು ಒಂದಕ್ಷರ ತಪ್ಪಿ ಓದಿದಾಗ ಪರದೆ ನೋಡದೆಯೇ ತಿದ್ದಿದ. ಆಮೇಲೆ ಲೈಬ್ರರಿಯನ್ನೂ, ಅದನ್ನು ಕರೆಯುವ ಪಟ್ಟಿಯ ತಂತ್ರಾಂಶವನ್ನೂ ಹೊಸದಾಗಿ ಕಟ್ಟಲು ಬಿಟ್ಟ. ಪರದೆಯ ಮೇಲೆ ಅಕ್ಷರದ ಸಾಲುಗಳು ಸರಸರನೆ ಏರತೊಡಗಿದವು. ಕುರಿಗಾರರು ರುಮಾಲು ತೆಗೆದು, ಡೊಳ್ಳಿನ ಮುಂದೆ ನಿಂತಂತೆ ನಿಂತರು. ಯಾರೋ ಕೆಮ್ಮಿದರು, ಉಳಿದವರೆಲ್ಲ ತಿರುಗಿ ಗುರಾಯಿಸಿದರು.

ನಡುವೆ ಕರೆಂಟು ಹೋಯಿತು. ಖಂಡಪ್ಪ ಹೊರಗೆ ಹೋಗಿ, ಮೈಕಿನವನ ಜನರೇಟರನ್ನು ನಾಲ್ಕು ಜನರಿಂದ ಹೊರಿಸಿಕೊಂಡು ಬಂದ. ಬೇವಿನ ಮರದಡಿಯಿಂದ ಡಾಕ್ಟರು ಹತ್ತು ನಿಮಿಷಕ್ಕೊಮ್ಮೆ ಕೂಗಿ ಹೇಳುತ್ತಿದ್ದರು, "ಐಸು ಅರ್ಧ ಐತ್ರೀ!" ಸ್ವಲ್ಪ ಹೊತ್ತಿಗೆ, "ಪಾವು ಐತ್ರೀ!"

ಎರಡು ಗಂಟೆ ಇಪ್ಪತ್ತೈದು ನಿಮಿಷಕ್ಕೆ ಸುನಿತಾ ಮತ್ತೆ ಗುಂಡಿ ಒತ್ತಿದಳು. ನಾಲ್ಕು ಹೆಸರು ಮೂಡಿದವು. ಐದನೆಯದು ಬಂತು, ಹತ್ತನೆಯದು ಬಂತು. ಮೂಲೆಯ ಹಳೇ ಪ್ರಿಂಟರು ಕರ್ರ್ ಎಂದು ಎಚ್ಚೆತ್ತು ಕಾಗದ ಉಗುಳತೊಡಗಿತು. ಹಳೆಯ ಮಂದೆ ಒಂದು ಸಾಲಿನಲ್ಲಿ, ಹೊಸ ಮಂದೆ ಒಂದು ಸಾಲಿನಲ್ಲಿ. ಯಾರನ್ನೂ ಯಾರೂ ನೂಕಿರಲಿಲ್ಲ. ಖಂಡಪ್ಪ ಮೊದಲ ಹಾಳೆ ಹರಿದುಕೊಂಡು ಓಡಿದ. ಡಾಕ್ಟರು ಪೆಟ್ಟಿಗೆ ತೆರೆದು ಒಂದು ಸೀಸೆಯನ್ನು ಕೆನ್ನೆಗೆ ಹಚ್ಚಿ ನೋಡಿ, "ತಣ್ಣಗೈತಿ, ತರ್ರಿ ಕುರಿ" ಎಂದರು.

ಕುರಿಗಳೆಲ್ಲ ಸೂಜಿ ಹಾಕಿಸಿಕೊಂಡು, ಧೂಳು ಇಳಿಯುವ ಹೊತ್ತಿಗೆ ಖಂಡಪ್ಪ ಬಸವಪ್ರಸಾದನ ಮುಂದೆ ಬಂದು ನಿಂತ. ಹಿಂದೆ ಸಂಘವೆಲ್ಲ ನಿಂತಿತ್ತು.

"ಸಾರ್, ಮತ್ತ ಆ ಪ್ಯಾಕೇಜು?"

ಬಸವಪ್ರಸಾದ ಎದ್ದು ನಿಂತ. "ಇದ ರೀ ನನ್ನ ಪ್ಯಾಕೇಜು. ಇದನ್ನ ಬಿಟ್ಟು ನನ್ನ ಹಂತ್ಯಾಕ ಬ್ಯಾರೆ ಏನೂ ಇಲ್ಲ. ಸರ್ಕಾರ ನನ್ನ ಗುರುತ ಹಿಡಿಯೂದಿಲ್ಲ. ಮುಂಜಾನೆ ಹೇಳಾಕ ಬಂದಿದ್ದೆ, ನೀವು ಚಪ್ಪಾಳಿ ಹೊಡದ್ರಿ." ಎಂದು ಕಂಬಳಿ ಬಿಚ್ಚಿ, ಮಡಚಿ ಮುಂದೆ ಹಿಡಿದ.

ಖಂಡಪ್ಪ ಕಂಬಳಿ ನೋಡಿದ, ಅವನನ್ನು ನೋಡಿದ. ಆಮೇಲೆ ಅದನ್ನು ಬಿಡಿಸಿ ಮತ್ತೆ ಅವನ ಹೆಗಲಿಗೆ ಹೊದಿಸಿ ಗಟ್ಟಿಯಾಗಿ ಎಳೆದು ಕೂಡಿಸಿದ. "ಪ್ಯಾಕೇಜು ತರ್ತೀವಿ ಅಂದವರು ಭಾಳ ಮಂದಿ ಬಂದು ಹೋಗ್ಯಾರ್ರಿ. ಕೈಯಾಗ ಕೊಟ್ಟು ಎದ್ದವರು ನೀವ ಒಬ್ಬರು."

ಮುಂದಿನ ಸಾಲಿನಲ್ಲಿ ಶಂಕರಯ್ಯ ಕೋಟಿನ ತೋಳಿನಿಂದ ಕಣ್ಣು ಒರೆಸಿಕೊಳ್ಳುತ್ತ, ತನ್ನ ಅಳಿಯ ತಪ್ಪೊಪ್ಪಿಕೊಂಡದ್ದು ಎಲ್ಲಾದರೂ ರೆಕಾರ್ಡು ಆಗಿದೆಯೇ ಎಂದು ಮೈಕಿನವನನ್ನು ವಿಚಾರಿಸುತ್ತಿದ್ದರು. ಗದ್ವಾಲದಲ್ಲಿ ಕೇಳಿಸಬೇಕಾಗಿತ್ತು.

ಮರುದಿನ ಬಸವಪ್ರಸಾದ ತಿದ್ದಿದ ಪ್ಯಾಕೇಜನ್ನು ಲೋಕಕ್ಕೆ ಕಳಿಸಿದ. ಏನು ಬದಲಾಯಿತು, ಯಾರಿಂದ ಬದಲಾಯಿತು ಎಂದು ಜೊತೆಗೆ ಬರೆಯುವ ವಾಡಿಕೆ ಅವರಲ್ಲಿದೆ. ಅವನು ಬರೆದ: 'ಹಳೆಯದೂ ಹೊಸದೂ ಇನ್ನು ಒಟ್ಟಿಗೆ ಇರಬಹುದು. ದೋಷ ಕಂಡು ಹೇಳಿದವರು ಮಕ್ತಲ್‌ನ ಸುನಿತಾ. ಬೇಸರ ಬಿಡಿಸಿದವರು ಮಲ್ದಕಲ್ಲಿನ ಪೆಂಟಮ್ಮ. ಇಬ್ಬರಿಗೂ ಶರಣು.'

ಹದಿನೈದು ದಿನಕ್ಕೆ ಹೊಸ ಕುರಿಗಳ ಎರಡನೆಯ ಸೂಜಿ. ಬಸವಪ್ರಸಾದ ಯಾರೂ ಕರೆಯದಿದ್ದರೂ ಮಕ್ತಲ್‌ಗೆ ಹೋದ. ಹೆಗಲ ಮೇಲೆ ಅದೇ ಕಂಬಳಿ, ಕಿಸೆಯಲ್ಲಿ ಒಂದು ಹಾಳೆ ಇತ್ತು. ಪೆಂಟಮ್ಮ ಮಂದೆಯ ನಡುವೆ ಒಂದು ಕುರಿಯನ್ನು ಮೊಣಕಾಲಲ್ಲಿ ಅದುಮಿ ನಿಂತಿದ್ದಳು.

"ಯವ್ವಾ, ಐಸ್‌ಲ್ಯಾಂಡ್ ಅಂತ ಒಂದು ದೇಶ ಐತಿ. ಅಲ್ಲಿಂದ ಒಬ್ಬ ಹೆಣ್ಣುಮಗಳು ಬರದಾಳ. ಆಕಿ ಕೆಲಸ ಮಾಡೋ ಉಣ್ಣೆ ಸಂಘದಾಗ ಎರಡು ತಿಂಗಳಿಂದ ರಿಜಿಸ್ಟರು ತೆರೀತಿರಲಿಲ್ಲಂತ. ಈಗ ತೆರೀತಂತ. ಪೆಂಟಮ್ಮಗ ನನ್ನ ವಂದನಿ ಹೇಳ್ರಿ ಅಂತ ಬರದಾಳ."

"ನನಗಾ?" ಪೆಂಟಮ್ಮ ಸೆರಗು ಸರಿ ಮಾಡಿಕೊಂಡಳು. "ಅಲ್ಲಿ ಕುರಿ ಅದಾವೇನು?"

"ಮಂದಿಗಿಂತ ಕುರಿ ಹೆಚ್ಚಂತ."

"ಭಲೇ ದೇಶ!" ಪೆಂಟಮ್ಮ ಮೆಚ್ಚಿ ತಲೆದೂಗಿದಳು. "ಹಂಗಾದ್ರ ಆಕಿಗೆ ನನ್ನ ಹೆಸರಿಲೆ ಬರಿ. ಎಳೆ ಹುಲ್ಲು ಏಳೂದಕ್ಕಿಂತ ಮದಲ ಸೂಜಿ ಹಾಕಸು ಅನ್ನು. ಎರಡನೇ ಸೂಜಿ ಮರೀಬ್ಯಾಡ ಅನ್ನು. ಆಮ್ಯಾಲೆ ಬರೀವಂತಿ, ಈಗ ಬಾ, ಇದರ ಕಾಲು ಹಿಡಿ. ಗಟ್ಟ್ಯಾಗಿ ಹಿಡಿ, ಸಾರೂ, ಬಿಡಬ್ಯಾಡ."

ಬಸವಪ್ರಸಾದ ಕಂಬಳಿ ಸಾವರಿಸಿ ಕೂತು, ಕಣ್ಣು ಮುಚ್ಚಿ, ಇದ್ದ ಶಕ್ತಿಯನ್ನೆಲ್ಲ ಹಾಕಿ ಹಿಡಿದ. ಸೂಜಿ ಮುಗಿದು ಡಾಕ್ಟರು ಮುಂದಕ್ಕೆ ಹೋದಮೇಲೂ ಅವನು ಬಿಟ್ಟಿರಲಿಲ್ಲ. ಅವನು ಹಿಡಿದಿದ್ದದ್ದು ಪಕ್ಕದ ಕುರಿಯ ಕಾಲು.